ವಿಲ್ ಬರೆಸಲಿಕ್ಕೆ ಅಂತಲೇ ಬೇರೆ ವಕೀಲರು ಬೇಕಾ? ಮಂಗಳೂರು, ಉಡುಪಿ ಕಡೆಯವರು ಹೇಳಿ

ಬಿಜೈ_ಮನೆಯವ:
ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ವಿಲ್ ಗಿಲ್ ಏನೂ ಬರೆದಿರಲಿಲ್ಲ, ನಾವೂ ಕೇಳಿರಲಿಲ್ಲ. ಈಗ ಅಮ್ಮನಿಗೆ 78. ಮೊನ್ನೆ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾ ಇದ್ದವರು ತಲೆ ಎತ್ತದೆ "ನಂದೊಂದು ವೀಲುನಾಮೆ ಆಗಬೇಕು ಮಗಾ" ಅಂದರು. ನಾವು ಮೂವರು. ಅಣ್ಣ ಶಾರ್ಜಾದಲ್ಲಿ, ತಂಗಿ ಬೆಂಗಳೂರಿನಲ್ಲಿ, ನಾನು ಇಲ್ಲೇ. ಅಮ್ಮನ ಆಸ್ತಿ ಅಂದರೆ ಬಿಜೈಯ ಮನೆ, ಮೂಡುಬಿದಿರೆ ಕಡೆ 60 ಸೆಂಟ್ಸ್ ಜಾಗ, ತವರಿನಿಂದ ಬಂದ ಸ್ವಲ್ಪ ಗದ್ದೆ, ಬ್ಯಾಂಕಿನಲ್ಲಿ ಎಫ್‌ಡಿ.

ಅಜ್ಜನ ಕಾಲದಿಂದ ನಮಗೆ ಒಬ್ಬರೇ ದಸ್ತಾವೇಜು ಬರಹಗಾರರು ಇದ್ದರು. ಅವರೀಗ ಇಲ್ಲ. ಹಂಪನಕಟ್ಟೆಯಲ್ಲಿ ಎರಡು ಕಡೆ ವಿಚಾರಿಸಿದೆ. ಒಬ್ಬರು 2,000 ರೂಪಾಯಿ, ನಾಳೆಯೇ ಬನ್ನಿ ಅಂದರು. ಇನ್ನೊಂದು ಕಡೆ "ವಿಲ್ ಮತ್ತು ಎಸ್ಟೇಟ್ ಪ್ಲಾನಿಂಗ್" ಅಂತಲೇ ಬೋರ್ಡ್ ಉಂಟು, ಅಲ್ಲಿ 18,000. ಅದೂ ಮುಂದಿನ ತಿಂಗಳು ಬನ್ನಿ ಅಂದರು. ಅಷ್ಟು ರಶ್ ಅಂತೆ. ಒಂದು ಕಾಗದಕ್ಕೆ 18,000 ಯಾಕೆ? ಇದಕ್ಕೆ ಅಂತ ವಕೀಲರು ಬೇರೆ ಇರುತ್ತಾರಾ?

ಗೋಳಿಬಜೆ82:
ದುಡ್ಡು ಮಾಡುವ ಹೊಸ ದಾರಿ ಮಾರಾಯ್ರೆ. ಬಿಳಿ ಹಾಳೆ, ಅಮ್ಮನ ಸಹಿ, ಎರಡು ಸಾಕ್ಷಿ. ಮುಗಿಯಿತು. ಸ್ಟಾಂಪ್ ಪೇಪರ್ ಕೂಡ ಬೇಡ.

ಹೊಸಬೆಟ್ಟು_ಅಕ್ಕ:
ಗೋಳಿಬಜೆಯವರೇ, ನಮ್ಮ ದೊಡ್ಡಪ್ಪನೂ ಹಾಗೇ ಹೇಳುತ್ತಿದ್ದರು. ಬಿಳಿ ಹಾಳೆಯಲ್ಲಿ ಚಂದದ ಅಕ್ಷರದಲ್ಲಿ ಬರೆದಿಟ್ಟರು. ಸಾಕ್ಷಿ ಯಾರು? ದಿನಾ ಸಂಜೆ ಜೊತೆಗೆ ಇಸ್ಪೀಟು ಆಡುತ್ತಿದ್ದ ಇಬ್ಬರು. ಒಬ್ಬರಿಗೆ 81, ಇನ್ನೊಬ್ಬರಿಗೆ 84. ದೊಡ್ಡಪ್ಪ ಹೋದ ಮೇಲೆ ಅವರ ಮಕ್ಕಳಲ್ಲಿ ಜಗಳ ಶುರುವಾಯಿತು. ಕೇಸು ಸಾಕ್ಷಿ ವಿಚಾರಣೆಗೆ ಬರುವಷ್ಟರಲ್ಲಿ ಇಸ್ಪೀಟಿನ ಇಬ್ಬರೂ ಇಲ್ಲ. ಆಮೇಲೆ ಅವರ ಸಹಿ ಅವರದ್ದೇ ಅಂತ ತೋರಿಸಲಿಕ್ಕೆ ಹಳೇ ಸೊಸೈಟಿ ಪುಸ್ತಕ, ಪಿಂಚಣಿ ಕಾಗದ ಎಲ್ಲ ಹುಡುಕಿದ್ದು. ಆರು ವರ್ಷ ಹೋಯಿತು. ಅಣ್ಣ ತಮ್ಮ ಇವತ್ತಿಗೂ ಮದುವೆಯಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ.

ದಸ್ತಾವೇಜು_ಮಾಮ:
32 ವರ್ಷದಿಂದ ಈ ಕೆಲಸದಲ್ಲಿ ಇದ್ದೇನೆ. ನೂರಾರು ವೀಲುನಾಮೆ ಬರೆದಿದ್ದೇನೆ. 18,000 ಕೇಳಿದವರ ಮಾತು ಕೇಳಿ ಚಹಾ ಗಂಟಲಲ್ಲಿ ಸಿಕ್ಕಿಕೊಂಡಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ಸಾಕು. ವಿಲ್‌ಗೆ ಮುದ್ರಾಂಕ ಶುಲ್ಕವೂ ಇಲ್ಲ. ಅಮ್ಮನ ಆಧಾರ್, ಪಹಣಿ, ಇಬ್ಬರು ಸಾಕ್ಷಿ ಕರಕೊಂಡು ಹೋಗಿ.

ಕುಂದಾಪ್ರದ_ವಕೀಲ:
ಮಾಮ ಹೇಳಿದ್ದು ತಪ್ಪಲ್ಲ. ನೋಂದಣಿ ಕಡ್ಡಾಯವೂ ಅಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ನೋಂದಾಯಿಸಿದ ಮೇಲೂ ಅಮ್ಮ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದ್ದೇ ಲೆಕ್ಕಕ್ಕೆ.

ನನಗೆ ಕಂಡ ತೊಂದರೆ ಬೇರೆ. ಬಿಜೈಯವರೇ, ನೀವು "ಅಮ್ಮನ ಆಸ್ತಿ" ಅಂತ ನಾಲ್ಕು ಸಂಗತಿ ಬರೆದಿದ್ದೀರಿ. ಮನೆ ಮತ್ತು ಮೂಡುಬಿದಿರೆ ಜಾಗ ಯಾರ ಹೆಸರಿನಲ್ಲಿ ಉಂಟು?

ಬಿಜೈ_ಮನೆಯವ:
ಎರಡೂ ಅಪ್ಪನ ಹೆಸರಿನಲ್ಲೇ ಉಂಟು. ಅಪ್ಪ ಅವರ ಸಂಬಳದಲ್ಲಿ ತೆಗೆದುಕೊಂಡದ್ದು. ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ) ಮಾಡಿಸಬೇಕು ಅಂತ ಇದ್ದೆವು, ಆಗಲಿಲ್ಲ. ಅಪ್ಪ ಹೋದ ಮೇಲೆ ಅಮ್ಮನಿಗೇ ತಾನೇ?

ಕುಂದಾಪ್ರದ_ವಕೀಲ:
ಅಲ್ಲ. ಇದೇ ಎಲ್ಲರೂ ಮಾಡುವ ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಸ್ವಯಾರ್ಜಿತ ಆಸ್ತಿ ಹೆಂಡತಿಗೆ ಮತ್ತು ಮಕ್ಕಳಿಗೆ ಸಮಪಾಲು (ಗಂಡಸಿನ ತಾಯಿ ಬದುಕಿದ್ದರೆ ಅವರಿಗೂ). ಅಂದರೆ ಅಪ್ಪ ಕಣ್ಣು ಮುಚ್ಚಿದ ದಿನವೇ ಮನೆ ನಾಲ್ಕು ಪಾಲಾಯಿತು. ಅಮ್ಮನದ್ದು ನಾಲ್ಕರಲ್ಲಿ ಒಂದು. ಮಿಕ್ಕ ಮೂರು ಈಗಾಗಲೇ ನಿಮ್ಮ ಮೂವರದ್ದು. ಅಮ್ಮ "ಮನೆ ಪೂರ್ತಿ ಚಿಕ್ಕ ಮಗನಿಗೆ" ಅಂತ ಬರೆದು ನೋಂದಣಿ ಮಾಡಿಸಿದರೂ ಅದು ಕಾಲು ಭಾಗಕ್ಕೆ ಮಾತ್ರ ನಿಲ್ಲುತ್ತದೆ. ತವರಿನ ಗದ್ದೆ ಅವರ ಹೆಸರಿನಲ್ಲಿದ್ದರೆ ಅದು ಪೂರ್ತಿ ಅವರದ್ದು.

2,000ಕ್ಕೆ ಬರೆಯುವವರು ನೀವು ಹೇಳಿದ್ದನ್ನು ಬರೆಯುತ್ತಾರೆ. ನಾನು ಫೀಸು ತೆಗೆದುಕೊಳ್ಳುವುದು ಬರೆಯಲಿಕ್ಕಲ್ಲ, ಕೇಳಲಿಕ್ಕೆ.

ದಸ್ತಾವೇಜು_ಮಾಮ:
ನಾನೂ ಕೇಳುತ್ತೇನೆ ಸ್ವಾಮಿ. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಕುಂದಾಪ್ರದ_ವಕೀಲ:
ನಿಮ್ಮಂಥವರು ಇದ್ದರೆ ನನ್ನ ಕೆಲಸ ಅರ್ಧ ಕಡಿಮೆ ಮಾಮ, ತಮಾಷೆಯಲ್ಲ.

ಅಂದ ಹಾಗೆ ಆ ಬೋರ್ಡ್ ಬಗ್ಗೆ. ನಮ್ಮ ದೇಶದಲ್ಲಿ ವಕೀಲರು ಇಂಥದ್ದರಲ್ಲಿ ಸ್ಪೆಷಲಿಸ್ಟ್ ಅಂತ ಬೋರ್ಡ್ ಹಾಕುವ ಹಾಗಿಲ್ಲ. ಬಾರ್ ಕೌನ್ಸಿಲ್‌ನ ನಿಯಮ 36 ಅದನ್ನು ತಡೆಯುತ್ತದೆ. ಹಾಗಾಗಿ ಅದು ವಕೀಲರ ಆಫೀಸಾ, ಇಲ್ಲ ಯಾವುದಾದರೂ ಕನ್ಸಲ್ಟೆನ್ಸಿಯಾ ಅಂತ ಒಮ್ಮೆ ಕೇಳಿ ನೋಡಿ. ವಿಲ್‌ಗೆ ಅಂತ ಪ್ರತ್ಯೇಕ ಲೈಸೆನ್ಸ್ ಯಾವುದೂ ಇಲ್ಲ. ಆ ಕೆಲಸ ಜಾಸ್ತಿ ಮಾಡಿದವರು, ಕಡಿಮೆ ಮಾಡಿದವರು ಅಂತ ಅಷ್ಟೆ.

ಬೇಡಿಕೆ ಏರಿದ್ದು ಮಾತ್ರ ನಿಜ. ಹತ್ತು ವರ್ಷದ ಹಿಂದೆ ನನ್ನಲ್ಲಿ ವರ್ಷಕ್ಕೆ ನಾಲ್ಕೈದು ವಿಲ್ ಬರುತ್ತಿತ್ತು. ಈಗ ತಿಂಗಳಿಗೆ ಅಷ್ಟು. ಅದರಲ್ಲಿ ಅರ್ಧಕ್ಕರ್ಧ ಮಕ್ಕಳು ಹೊರಗೆ ಇರುವ ಮನೆಗಳು.

ಗೋಳಿಬಜೆ82:
ಸರಿ, ಒಪ್ಪಿದೆ. ಆದರೂ 18,000 ಜಾಸ್ತಿಯೇ.

ಸುರತ್ಕಲ್_ಐಟಿ:
ಈಗ ಆ್ಯಪ್ ಉಂಟಲ್ವಾ? ವಿವರ ತುಂಬಿಸಿದರೆ ವಿಲ್ ರೆಡಿ. ಇ-ಸೈನ್ ಮಾಡಿದರೆ ಆಯಿತು, ಎಲ್ಲಿಗೂ ಓಡಾಡಬೇಕಿಲ್ಲ.

ಕುಂದಾಪ್ರದ_ವಕೀಲ:
ಇ-ಸೈನ್ ವಿಲ್‌ಗೆ ನಡೆಯುವುದಿಲ್ಲ. ಐಟಿ ಕಾಯ್ದೆಯೇ ವಿಲ್ ಅನ್ನು ಹೊರಗಿಟ್ಟಿದೆ. ಆ್ಯಪ್‌ನಿಂದ ಪ್ರಿಂಟ್ ತೆಗೆಯಿರಿ, ಪೆನ್ನಿನಿಂದ ಸಹಿ ಹಾಕಿ, ಇಬ್ಬರು ಸಾಕ್ಷಿಗಳೂ ಬರೆದವರ ಎದುರಲ್ಲೇ ಸಹಿ ಹಾಕಬೇಕು.

ಗುತ್ತಿನಮನೆ:
ನೀವೆಲ್ಲ ಮನೆ, ಎಫ್‌ಡಿ ಅಂತ ಮಾತಾಡುತ್ತಿದ್ದೀರಿ. ನಮ್ಮ ಕಡೆಯದ್ದು ಕೇಳಿ. ನಮ್ಮದು ಅಳಿಯಕಟ್ಟು (ಅಳಿಯಸಂತಾನ), ಅಂದರೆ ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿ. ಸೋದರಮಾವ ಯಜಮಾನರಾಗಿದ್ದರು. ಅವರು ಹೋದ ಮೇಲೆ ಪೆಟ್ಟಿಗೆಯಲ್ಲಿ ಒಂದು ವಿಲ್ ಸಿಕ್ಕಿತು. ತರವಾಡು ಮನೆ (ಕುಟುಂಬದ ಮೂಲ ಮನೆ), ಅಂಗಳ, ಗದ್ದೆ ಎಲ್ಲ ಅವರ ಸ್ವಂತ ಮಕ್ಕಳಿಗೆ! ಇಡೀ ಕುಟುಂಬ ಒಂದು ವಾರ ಉರಿದು ಹೋಯಿತು. ಕೊನೆಗೆ ವಕೀಲರು ಬಿಡಿಸಿ ಹೇಳಿದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಸಂತಾನದವರೂ ತಮ್ಮ ಪಾಲನ್ನು ವಿಲ್ ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಆದರೆ ತಮ್ಮ ಪಾಲನ್ನು ಮಾತ್ರ. ಯಜಮಾನ ಅಂದ ಮಾತ್ರಕ್ಕೆ ಕುಟುಂಬದ್ದೆಲ್ಲ ಅವರದ್ದಾಗುವುದಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ನಾಗಬನ. ಬನ ಇದ್ದದ್ದು ಮಾವನ ಪಾಲಿಗೆ ಬಂದ ಜಾಗದ ಮೂಲೆಯಲ್ಲಿ. ಅವರ ಮಗ ಮುಂಬೈಯವನು, ಆ ಜಾಗ ಮಾರಲಿಕ್ಕೆ ಹೊರಟ. ತಂಬಿಲಕ್ಕೆ (ನಾಗನ ಪೂಜೆಗೆ) ನಾವು ನಲವತ್ತು ಜನ ಯಾರ ಗೇಟು ತಟ್ಟಿ ಒಳಗೆ ಹೋಗುವುದು? ಕೊನೆಗೆ ಬನದ ಮೂರು ಸೆಂಟ್ಸ್ ಮತ್ತು ಅಲ್ಲಿಗೆ ಹೋಗುವ ಆರು ಅಡಿ ದಾರಿ ಬಿಟ್ಟುಕೊಡುವ ಹಾಗೆ ಬೇರೆ ಪತ್ರ ಆಯಿತು. ನಾನೀಗ ನನ್ನ ವಿಲ್ ಬರೆಸಿದ್ದೇನೆ. ಮೊದಲನೇ ಪ್ಯಾರಾವೇ ದೈವದ ಚಾವಡಿಗೆ ಹೋಗುವ ದಾರಿ. ಬೆಂಗಳೂರಿನ ವಕೀಲರಿಗೆ ಇದನ್ನು ವಿವರಿಸಲಿಕ್ಕೆ ಒಂದು ಗಂಟೆ ಬೇಕು. ಇಲ್ಲಿಯವರಿಗೆ "ಬನ ಉಂಟು" ಅಂದರೆ ಸಾಕು, ಪೆನ್ನು ಕೆಳಗಿಟ್ಟು "ದಾರಿ ಎಲ್ಲಿಂದ?" ಅಂತ ಕೇಳುತ್ತಾರೆ.

ಅಡಿಕೆ_ತೋಟ:
ಗುತ್ತಿನವರ ಮಾತು ನೂರಕ್ಕೆ ನೂರು ನಿಜ. ನನ್ನದೊಂದು ಸೇರಿಸಿ. ಕಾರ್ಕಳದ ಹತ್ರ ನಮ್ಮ ತೋಟ. ಅಜ್ಜನ ವೀಲುನಾಮೆಯಲ್ಲಿ "ವರ್ಗ ಜಾಗ ದೊಡ್ಡ ಮಗನಿಗೆ, ಕುಮ್ಕಿ ಜಾಗ ಚಿಕ್ಕ ಮಗನಿಗೆ" ಅಂತ ಇತ್ತು. ವರ್ಗ ಅಂದರೆ ಪಟ್ಟಾ ಜಾಗ, ಕುಮ್ಕಿ ಅಂದರೆ ಅದಕ್ಕೆ ತಾಗಿದ ಜಾಗ. ಚಿಕ್ಕಪ್ಪ ಕುಮ್ಕಿಯಲ್ಲಿ ರಬ್ಬರ್ ಹಾಕಿ 20 ವರ್ಷ ಆಯಿತು. ಆದರೆ ಕುಮ್ಕಿ ಸರಕಾರದ್ದು! ವರ್ಗದವನಿಗೆ ಸೊಪ್ಪು, ಕಟ್ಟಿಗೆಗೆ ಅಂತ ಕೊಟ್ಟ ಸವಲತ್ತು ಅಷ್ಟೆ. ಅಜ್ಜ ತನ್ನದಲ್ಲದ್ದನ್ನು ಚಂದ ಮಾಡಿ ಹಂಚಿ ಹೋದರು. ಚಿಕ್ಕಪ್ಪನಿಗೆ ಕಾಗದದಲ್ಲಿ ಸಿಕ್ಕಿದ್ದು ಸೊನ್ನೆ.

ದಸ್ತಾವೇಜು_ಮಾಮ:
"ಕುಮ್ಕಿ ಸಹಿತ" ಅಂತ ಬರೆಯಿರಿ ಎಂದು ಹಟ ಹಿಡಿಯುವವರು ಈಗಲೂ ಬರುತ್ತಾರೆ. ಬೇಡ ಅಂದರೆ ಬೇರೆ ಕಡೆ ಹೋಗುತ್ತಾರೆ.

ಕೊಡಿಯಾಲ್_ಬಾಯಿ:
ನಾವು ಕ್ರಿಶ್ಚಿಯನ್ನರು, ನಮಗೆ ಬೇರೆ ಕಾನೂನು. ನನ್ನ ಮಾವಶಿ ಮದುವೆ ಆಗಿರಲಿಲ್ಲ. ಬೆಂದೂರಿನ ಮನೆಯನ್ನು ಅವರನ್ನು ನೋಡಿಕೊಂಡ ಅಣ್ಣನ ಮಗನಿಗೆ ಬರೆದರು. ಆ ದಿನ ಬರುತ್ತೇನೆ ಅಂದ ಎರಡನೇ ಸಾಕ್ಷಿ ಬರಲಿಲ್ಲ. ಕಾಫಿ ಟ್ರೇ ಹಿಡಿದು ಬಂದ ಆ ಹುಡುಗನ ಹೆಂಡತಿಗೇ "ನೀನೇ ಒಂದು ಸಹಿ ಹಾಕು" ಅಂದರು. ಅವಳು ಟ್ರೇ ಪಕ್ಕಕ್ಕಿಟ್ಟು ಸಹಿ ಹಾಕಿದಳು. ಆ ಒಂದು ಸಹಿಯಿಂದ ಅವನಿಗೆ ಮನೆ ಹೋಯಿತು. ಸಾಕ್ಷಿಗೋ, ಸಾಕ್ಷಿಯ ಗಂಡ ಅಥವಾ ಹೆಂಡತಿಗೋ ಕೊಟ್ಟದ್ದು ಊರ್ಜಿತ ಅಲ್ಲವಂತೆ. ವಿಲ್ ಸರಿ, ಕೊಟ್ಟದ್ದು ಮಾತ್ರ ಇಲ್ಲ. ಈಗ ಆ ಮನೆಯಲ್ಲಿ ಹನ್ನೊಂದು ಜನರಿಗೆ ಪಾಲು.

ಗೋಳಿಬಜೆ82:
ಅಯ್ಯೋ. ಕಾಫಿ ಕುಡಿಯದಿದ್ದರೆ ಆಗುತ್ತಿತ್ತು.

ಕುಂದಾಪ್ರದ_ವಕೀಲ:
ಆ ನಿಯಮ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 67. ಹಿಂದೂಗಳ ವಿಲ್‌ಗೆ ಅದು ಅನ್ವಯ ಆಗುವುದಿಲ್ಲ. ಹಾಗಂತ ಹಿಂದೂಗಳೂ ಪಾಲು ಸಿಗುವವರನ್ನು ಸಾಕ್ಷಿ ಹಾಕಬೇಡಿ, ಕೋರ್ಟಿಗೆ ಅನುಮಾನ ಬರಲಿಕ್ಕೆ ಅಷ್ಟು ಸಾಕು. ಇನ್ನೊಂದು, ಕ್ರಿಶ್ಚಿಯನ್ನರು ವಿಲ್ ಬರೆದ ಮೇಲೆ ಮದುವೆಯಾದರೆ ಹಳೇ ವಿಲ್ ತಾನಾಗಿ ರದ್ದು. ಹೊಸತು ಬರೆಯಬೇಕು.

ಉಳ್ಳಾಲದ_ಹುಡುಗ:
ನಮ್ಮ ಮುಸ್ಲಿಮರಲ್ಲಿ ವಸಿಯತ್ (ವಿಲ್) ಮೂರರಲ್ಲಿ ಒಂದು ಭಾಗ ಮಾತ್ರ, ಅದೂ ವಾರಸುದಾರರಲ್ಲದವರಿಗೆ. ಮಿಕ್ಕವರು ಒಪ್ಪದೆ ವಾರಸುದಾರರಿಗೆ ವಿಲ್ ಬರೆಯಲಿಕ್ಕಾಗುವುದಿಲ್ಲ. ನಮ್ಮ ಮೂಸಾಕ ಅಂಗಡಿಯನ್ನು ಚಿಕ್ಕ ಮಗನಿಗೆ ವಿಲ್ ಬರೆಸಿ ನೋಂದಣಿಯೂ ಮಾಡಿಸಿದ್ದರು. ಬರೆದವರು ಏನೂ ಹೇಳಲೇ ಇಲ್ಲ. ಬದುಕಿದ್ದಾಗಲೇ ಹಿಬಾ (ದಾನ) ಮಾಡಿ ಅಂಗಡಿಯ ಕೀ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು.

ಕಾಪು_ಕಡಲು:
ಬದುಕಿದ್ದಾಗಲೇ ಕೊಡುವುದು ಅಂದಿರಲ್ವಾ, ಅದಕ್ಕೂ ಒಂದು ಕಥೆ ಉಂಟು. ನಮ್ಮ ನೆರೆಮನೆ ಅಜ್ಜಿ ಮಗನಿಗೆ ದಾನಪತ್ರ ಮಾಡಿಕೊಟ್ಟರು. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಅಜ್ಜಿಯ ಮಂಚ ಹಿಂದಿನ ಕೊಟ್ಟಿಗೆ ಕೋಣೆಗೆ ಹೋಯಿತು. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ದಾನಪತ್ರ ರದ್ದು ಮಾಡಿಸಲಿಕ್ಕೆ ಅವಕಾಶ ಉಂಟು ಅಂತ ಯಾರೋ ಹೇಳಿದರು. ನಾನೇ ಅಜ್ಜಿಯನ್ನು ಬಸ್ಸಿನಲ್ಲಿ ಕುಂದಾಪುರದ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಗೆ ಕರಕೊಂಡು ಹೋದೆ, ಮೂರು ಸಲ. ಅಲ್ಲಿ ಮೊದಲು ಕೇಳಿದ್ದು, ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲಿ ಉಂಟಾ ಅಂತ. ಇರಲಿಲ್ಲ. "ಪ್ರೀತಿ ವಿಶ್ವಾಸದಿಂದ" ಅಂತ ಮಾತ್ರ ಇತ್ತು.

ಕುಂದಾಪ್ರದ_ವಕೀಲ:
ಷರತ್ತಿನ ಸಾಲು ಇಲ್ಲದಿದ್ದರೂ ಪೂರ್ತಿ ದಾರಿ ಮುಚ್ಚಿತು ಅಂತಲ್ಲ, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿದೆ. ಆದರೆ ಆ ಒಂದು ಸಾಲು ಇದ್ದರೆ ಅಜ್ಜಿ ಮೂರು ಸಲ ಬಸ್ಸು ಹತ್ತಬೇಕಿರಲಿಲ್ಲ. ಹೆಚ್ಚಿನವರಿಗೆ ನಾನು ಹೇಳುವುದು ವಿಲ್. ಕೊನೆ ಉಸಿರಿನ ತನಕ ಆಸ್ತಿ ನಿಮ್ಮದೇ, ಮನಸ್ಸು ಬದಲಾದರೆ ವಿಲ್‌ ಅನ್ನೂ ಬದಲಾಯಿಸಬಹುದು.

ನಿವೃತ್ತ_ಬ್ಯಾಂಕಿನವ:
ಎಫ್‌ಡಿಗೆ ನಾಮಿನಿ ಹಾಕಿದ್ದೇವೆ, ಇನ್ನೆಂಥ ವಿಲ್ ಅಂತ ಕೇಳುವವರನ್ನು 35 ವರ್ಷ ಕೌಂಟರಿನಲ್ಲಿ ನೋಡಿದ್ದೇನೆ. ನಾಮಿನಿ ಮಾಲೀಕ ಅಲ್ಲ. ಬ್ಯಾಂಕು ದುಡ್ಡನ್ನು ಅವನ ಕೈಗೆ ಕೊಡುತ್ತದೆ, ಅವನು ವಾರಸುದಾರರಿಗೆ ಲೆಕ್ಕ ಒಪ್ಪಿಸಬೇಕು. ಷೇರಿನ ವಿಷಯದಲ್ಲೂ 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿತು. 2025ರ ನವೆಂಬರ್ 1ರಿಂದ ಖಾತೆಗೆ ನಾಲ್ಕು ನಾಮಿನಿ ತನಕ ಹಾಕಬಹುದು, ಅದು ಒಳ್ಳೆಯದಾಯಿತು.

ಷೇರು ಅಂದಾಗ ನೆನಪಾಯಿತು. ನಮ್ಮ ಜಿಲ್ಲೆಯ ಹಳೇ ಮನೆಗಳ ಕಬ್ಬಿಣದ ಪೆಟ್ಟಿಗೆ ತೆಗೆದು ನೋಡಿ. ವಿಜಯಾ ಬ್ಯಾಂಕ್, ಕಾರ್ಪೊರೇಷನ್, ಸಿಂಡಿಕೇಟ್ ಷೇರು ಪತ್ರ ಇರುತ್ತದೆ. ಆ ಬ್ಯಾಂಕುಗಳು ವಿಲೀನವಾದಾಗ ವಿಜಯಾದ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402, ಸಿಂಡಿಕೇಟಿನ 1,000ಕ್ಕೆ ಕೆನರಾದ 158, ಕಾರ್ಪೊರೇಷನ್ನಿನ 1,000ಕ್ಕೆ ಯೂನಿಯನ್ನಿನ 330 ಸಿಕ್ಕಿತು. ಏಳು ವರ್ಷ ಡಿವಿಡೆಂಡ್ ಕೇಳದೆ ಬಿಟ್ಟರೆ ಷೇರು ಐಇಪಿಎಫ್ ಎಂಬ ಸರಕಾರಿ ನಿಧಿಗೆ ಹೋಗುತ್ತದೆ. ವಾಪಸ್ ತರಲಿಕ್ಕೆ ವಾರಸುದಾರರ ಕಾಗದ ಬೇಕು. ವಿಲ್‌ನಲ್ಲಿ ಒಂದು ಸಾಲು ಇದ್ದರೆ ಎಷ್ಟು ಸುಲಭ.

ಗುತ್ತಿನಮನೆ:
ಸಿಂಡಿಕೇಟ್ ಹೆಸರು ಹೋದದ್ದಕ್ಕೆ ನಮ್ಮಪ್ಪ ಒಂದು ಹೊತ್ತು ಊಟ ಬಿಟ್ಟಿದ್ದರು.

ಅಡಿಕೆ_ತೋಟ:
ಪಿಗ್ಮಿ ಕಲೆಕ್ಷನ್ನಿನವರು ಮಳೆಯಲ್ಲೂ ಮನೆಗೆ ಬರುತ್ತಿದ್ದರು. ಈಗಿನ ಬ್ಯಾಂಕಿಗೆ ಫೋನ್ ಮಾಡಿದರೆ ಹಿಂದಿಯಲ್ಲಿ ಉತ್ತರ.

ಹೊಸಬೆಟ್ಟು_ಅಕ್ಕ:
ಬ್ಯಾಂಕಿನ ದುಃಖ ಬೇರೆ ಕಡೆ ಮಾಡಿ ಮಾರಾಯ್ರೆ. ಹೆಂಗಸರ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಗೆಳತಿ ಟೀಚರ್, ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ. ಅವಳ ಸಂಬಳದಲ್ಲಿ ತೆಗೆದುಕೊಂಡ ಫ್ಲ್ಯಾಟು. ವಿಲ್ ಇಲ್ಲದೆ ಹೋದಳು. ಕಡೆತನಕ ನೋಡಿಕೊಂಡ ಅವಳ ತಾಯಿಗೆ ಏನೂ ಇಲ್ಲ, ಎಲ್ಲ ಗಂಡನ ಕಡೆಯವರಿಗೆ ಹೋಯಿತು. ಹದಿನೈದು ವರ್ಷ ಮಾತಾಡಿಸದ ಮೈದುನ ಬಂದು ಬೀಗ ಹಾಕಿದ.

ಕುಂದಾಪ್ರದ_ವಕೀಲ:
ಕಾಯ್ದೆಯ ಸೆಕ್ಷನ್ 15 ಹಾಗೇ ಉಂಟು ಅಕ್ಕ. ತವರಿನಿಂದ ಬಂದದ್ದಾದರೆ ಅಪ್ಪನ ಕಡೆಗೆ ಹೋಗುತ್ತದೆ, ಸ್ವಂತ ದುಡಿದದ್ದು ಗಂಡನ ಕಡೆಗೆ. ಅದಕ್ಕೇ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೆಂಗಸರು ವಿಲ್ ಬರೆದಿಡಿ ಎಂದು ಕೇಳಿಕೊಂಡಿತು. ಆಮೇಲೆ ನನ್ನ ಹತ್ರ ಬಂದವರಲ್ಲಿ ಟೀಚರ್, ನರ್ಸ್ ಜಾಸ್ತಿ.

ಮರಳುಗಾಡಿನ_ಮೀನು:
ದುಬೈಯಿಂದ. ಬಿಜೈಯವರೇ, ನಿಮ್ಮ ಅಣ್ಣನಿಗೆ ಒಂದು ಮಾತು. ಇಲ್ಲಿ ಮುಸ್ಲಿಮರಲ್ಲದವರಿಗೆ ವಿಲ್ ನೋಂದಾಯಿಸಲಿಕ್ಕೆ ದುಬೈಯ ಹಣಕಾಸು ಕೇಂದ್ರವಾದ ಡಿಐಎಫ್‌ಸಿಯಲ್ಲಿ ವ್ಯವಸ್ಥೆ ಉಂಟು. ಊರಿನ ವಿಲ್ ಊರಿನ ಆಸ್ತಿಗೆ, ಇಲ್ಲಿಯದ್ದು ಇಲ್ಲಿಗೆ. ನಾನು ಎರಡು ಮಾಡಿಸಿದ್ದೇನೆ. ಎರಡನೆಯದರಲ್ಲಿ "ಹಿಂದಿನ ಎಲ್ಲ ವಿಲ್ ರದ್ದು" ಅನ್ನುವ ಮಾಮೂಲಿ ಸಾಲು ಇತ್ತು. ಊರಿನ ವಕೀಲರು ನೋಡಿ ಹಿಡಿದರು. ಇಲ್ಲದಿದ್ದರೆ ಮಂಗಳೂರಿನ ವಿಲ್ ಅಲ್ಲೇ ಸತ್ತು ಹೋಗುತ್ತಿತ್ತು.

ಮತ್ತೆ, ಊರಿನ ಕೆಲಸಕ್ಕೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದೇನೆ, ವಿಲ್ ಬೇಡ ಅನ್ನುವವರು ಇಲ್ಲಿ ಬಹಳ. ಕೊಟ್ಟವನು ಸತ್ತರೆ ಪವರ್ ಕೂಡ ಸತ್ತಿತು.

ಬಿಜೈ_ಮನೆಯವ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ವೀಡಿಯೊ ಕಾಲ್‌ನಲ್ಲಿ ಮೂವರೂ ಮಾತಾಡಿದೆವು. ನಾಲ್ಕು ಪಾಲು ಅಂದಾಗ ಎರಡು ನಿಮಿಷ ಯಾರೂ ಮಾತಾಡಲಿಲ್ಲ. ನನಗೂ ಒಂಥರಾ ಆಯಿತು, ಸುಳ್ಳು ಯಾಕೆ ಹೇಳಲಿ. ನಾನು ಇಲ್ಲಿ ಇರುವವನು, ಮನೆ ನನಗೆ ಬರುತ್ತದೆ ಅಂತ ಮನಸ್ಸಿನಲ್ಲಿ ಇತ್ತು. ನಾವು ಮೂವರು ಅಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟು, ಆಮೇಲೆ ಅಮ್ಮ ವಿಲ್ ಬರೆಯಲಿ ಅಂತ ಅಣ್ಣ ಹೇಳಿದ. ತಂಗಿ "ಸಹಿ ಹಾಕುತ್ತೇನೆ, ಆದರೆ ವಿಲ್‌ನಲ್ಲಿ ಎಂತ ಉಂಟು ಅಂತ ಮೊದಲು ಓದಿ ಹೇಳಿ" ಅಂದಳು. ಅಣ್ಣನಿಗೆ ಸಿಟ್ಟು ಬಂತು. ಯಾರು ಸರಿ?

ಕುಂದಾಪ್ರದ_ವಕೀಲ:
ತಂಗಿ ಸರಿ. ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ ಮೇಲೆ ಅವರ ಪಾಲು ಹೋಯಿತು. ವಿಲ್ ಓದಿ ಹೇಳಿದರೂ ಅಮ್ಮ ಮರುದಿನವೇ ಅದನ್ನು ಬದಲಾಯಿಸಬಹುದು. ಅಪ್ಪನ ಆಸ್ತಿಯನ್ನು ಈಗಲೇ ನಾಲ್ವರೂ ಕೂತು ವಿಭಾಗ ಪತ್ರ ಮಾಡಿ ನೋಂದಾಯಿಸಿ. ಅಮ್ಮ ಇರುವಾಗಲೇ ಆದರೆ ಜಗಳ ಕಡಿಮೆ. ಅಮ್ಮ ತನ್ನ ಪಾಲು, ತವರಿನ ಗದ್ದೆ, ಎಫ್‌ಡಿ ಇಷ್ಟಕ್ಕೆ ವಿಲ್ ಬರೆಯಲಿ. ಅಣ್ಣ ಬರಲಿಕ್ಕಾಗದಿದ್ದರೆ ಅಲ್ಲಿಯ ಭಾರತೀಯ ಕಾನ್ಸುಲೇಟಿನಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಲಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು, ಮರೆಯಬೇಡಿ. ಅಮ್ಮನ ಮಾಮೂಲಿ ಡಾಕ್ಟರ ಹತ್ರ ಒಂದು ಸರ್ಟಿಫಿಕೇಟ್ ತಗೊಳ್ಳಿ, ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಿರಲಿ.

ಕೊಡಿಯಾಲ್_ಬಾಯಿ:
ಕಾಫಿ ಆಮೇಲೆ ಕೊಡಿ.

ಬಿಜೈ_ಮನೆಯವ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಆ ಬೋರ್ಡಿನ ಆಫೀಸು ನಿಜಕ್ಕೂ ಕನ್ಸಲ್ಟೆನ್ಸಿಯೇ, ಬಿಟ್ಟೆ. ಇಲ್ಲೇ ಸಿವಿಲ್ ಕೇಸು ನೋಡುವ ಒಬ್ಬ ಹಿರಿಯ ವಕೀಲೆ ಸಿಕ್ಕಿದರು. ವಿಭಾಗ ಪತ್ರ, ವಿಲ್ ಎರಡಕ್ಕೂ ಸೇರಿ 12,000. ಮೊದಲ ದಿನ ಒಂದೂವರೆ ಗಂಟೆ ಬರೀ ಪ್ರಶ್ನೆ. ತವರಿನ ಗದ್ದೆಯ ಪಹಣಿ ತೆಗೆಸಿದರೆ ಅದರಲ್ಲಿ ಅಮ್ಮನ ಜೊತೆ ತೀರಿಹೋದ ದೊಡ್ಡಮ್ಮನ ಹೆಸರೂ ಉಂಟು! ಈಗ ದೊಡ್ಡಮ್ಮನ ಮಕ್ಕಳನ್ನು ಹುಡುಕುತ್ತಿದ್ದೇವೆ. ಒಬ್ಬ ಭದ್ರಾವತಿಯಲ್ಲಿ ಸಿಕ್ಕಿದ.

ಆಮೇಲೆ ಅಮ್ಮನ ಕೈಗೆ ಒಂದು ಹಾಳೆ ಕೊಟ್ಟು, ಯಾರಿಗೆ ಏನು ಅಂತ ನೀವೇ ಬರೆಯಿರಿ ಅಂದರು ವಕೀಲೆ. ಅಮ್ಮ ಮನೆಯನ್ನೂ ಬರೆಯಲಿಲ್ಲ, ಗದ್ದೆಯನ್ನೂ ಬರೆಯಲಿಲ್ಲ. ಮೊದಲನೇ ಸಾಲಿನಲ್ಲೇ "ಕಡೆಯುವ ಕಲ್ಲು ದೊಡ್ಡವನ ಹೆಂಡತಿಗೆ" ಅಂತ ಉಂಟು. ತಂಗಿ ಮುಖ ಊದಿಸಿಕೊಂಡಿದ್ದಾಳೆ, ಆ ರುಬ್ಬುವ ಕಲ್ಲಿನ ಮೇಲೆ ಅವಳಿಗೆ ಕಣ್ಣಿತ್ತು.

ಗೋಳಿಬಜೆ82:
ಶಾರ್ಜಾಕ್ಕೆ ಕಡೆಯುವ ಕಲ್ಲಾ? ಬ್ಯಾಗೇಜ್ 30 ಕಿಲೋ ಮಾರಾಯ್ರೆ.

ಮರಳುಗಾಡಿನ_ಮೀನು:
ಹಡಗಿನಲ್ಲಿ ಕಳಿಸಿ. ನನ್ನ ಅತ್ತೆಯದ್ದು ಹಾಗೇ ಬಂತು, ಗುಂಡುಕಲ್ಲು ಬೇರೆ ಪೆಟ್ಟಿಗೆಯಲ್ಲಿ.